ಜೋಗ ನೋಡಿದವರು ಜಾವಾದಲ್ಲಿ ಏನು ನೋಡಬೇಕು?

ನಮ್ಮ ಸಾಗರದ ಕಡೆಯವರು ಊರು ಬಿಟ್ಟು ಹೊರಡಬೇಕಾದರೆ ತೋಟ ಬಿಡಬೇಕು. ಮಳೆ ಹಿಡಿಯುವ ಹೊತ್ತಿಗೆ ಅಡಿಕೆಗೆ ಕೊಳೆರೋಗದ ಔಷಧಿ ಬೋರ್ಡೋ ಹೊಡೆಸಬೇಕು, ಒಂದೂವರೆ ತಿಂಗಳಿಗೆ ಇನ್ನೊಮ್ಮೆ. ಆಮೇಲೆ ಚೌತಿ. ಕೊಯ್ಲು ಶುರುವಾದರೆ ಮುಗೀತು, ಸಂಕ್ರಾಂತಿ ದಾಟುವವರೆಗೆ ಪುರುಸೊತ್ತಿಲ್ಲ. ಚೌತಿಗೂ ಕೊಯ್ಲಿಗೂ ನಡುವೆ ಸಿಗುವ ಚೂರು ಬಿಡುವಿನಲ್ಲೇ ನಾನು ಮತ್ತು ಯಜಮಾನರು ಇಂಡೋನೇಷ್ಯಾದ ಪೂರ್ವ ಜಾವಾಕ್ಕೆ ಹೋಗಿಬಂದದ್ದು. ಅಲ್ಲಿನ ಹವೆಯೂ ಇದಕ್ಕೆ ಸರಿಯಾಗುತ್ತದೆ. ಜಾವಾ ಇರುವುದು ಭೂಮಧ್ಯರೇಖೆಯ ದಕ್ಷಿಣಕ್ಕೆ. ನಮ್ಮಲ್ಲಿ ಧೋ ಅಂತ ಸುರಿಯುವ ತಿಂಗಳುಗಳಲ್ಲಿ ಅಲ್ಲಿ ಬಿಸಿಲು. ಅಲ್ಲಿ ಜೋರು ಮಳೆ ನವೆಂಬರ್‌ನಿಂದ ಮಾರ್ಚ್‌ವರೆಗೆ.

"ಎಂತ ಮಾರಾಯ್ತಿ, ಗುಡ್ಡ, ಕಾಡು, ಅಬ್ಬಿ ನೋಡೋಕೆ ಅಷ್ಟು ದೂರ ಹೋಗ್ಬೇಕಾ?" ಅಂತ ಪಕ್ಕದ ಮನೆ ಅತ್ತಿಗೆ ಕೇಳಿದ್ದರು. ಕೇಳಿದ್ದರಲ್ಲಿ ತಪ್ಪಿಲ್ಲ. ಜಾವಾ, ಬಾಲಿಯ ಟೂರ್ ಪಟ್ಟಿ ತೆಗೆದು ನೋಡಿದರೆ ಅರ್ಧಕ್ಕರ್ಧ ನಮ್ಮ ಹಿತ್ತಿಲಲ್ಲೇ ಇರುವಂಥದ್ದು. ಮೆಟ್ಟಿಲು ಮೆಟ್ಟಿಲು ಗದ್ದೆ, ಕಾಫಿ ತೋಟ, ಮಂಗಗಳ ಕಾಡು. ಕಣಿವೆಯ ಮೇಲೆ ಜೋಕಾಲಿ ಕಟ್ಟಿ ಫೋಟೋಗೆ ದುಡ್ಡು ಕೇಳುವ ಜಾಗಗಳಂತೂ ಸುಮಾರಿವೆ. ಅದನ್ನೆಲ್ಲ ಹೊಡೆದುಹಾಕಿದೆ. ಬೆಂಕಿ, ಬೂದಿ, ಗಂಧಕ ಈ ಮೂರರಲ್ಲಿ ಒಂದಾದರೂ ಇದ್ದರೆ ಮಾತ್ರ ಹೋಗೋದು ಅಂತ ತೀರ್ಮಾನ ಮಾಡಿಕೊಂಡೆ. ಉಳಿದದ್ದು ಬ್ರೋಮೊ, ಇಜೆನ್ ಎಂಬ ಎರಡು ಜ್ವಾಲಾಮುಖಿ ಮತ್ತು ಒಂದೇ ಒಂದು ಜಲಪಾತ.

ದಾರಿ ಸುಲಭ. ಶಿವಮೊಗ್ಗದಿಂದ ಬೆಂಗಳೂರಿಗೆ ರೈಲು, ಅಲ್ಲಿಂದ ಕ್ವಾಲಾಲಂಪುರದಲ್ಲಿ ವಿಮಾನ ಬದಲಿಸಿ ಸುರಬಾಯ. ನಮ್ಮವರಿಗೆ ಅಲ್ಲಿ ಇಳಿದ ಮೇಲೆ ವೀಸಾ ಕೊಡುತ್ತಾರೆ. ಸುರಬಾಯ ದೊಡ್ಡ ಊರು, ನಾವು ನಿಲ್ಲಲಿಲ್ಲ. ಕಾರು ಮಾಡಿಕೊಂಡು ನೇರ ಬ್ರೋಮೊದ ಪಕ್ಕದ ಚೆಮೊರೊ ಲವಾಂಗ್ ಹಳ್ಳಿಗೆ ಹತ್ತಿದೆವು. ದಾರಿಯುದ್ದಕ್ಕೂ ಎಲೆಕೋಸು, ಆಲೂಗಡ್ಡೆ, ಈರುಳ್ಳಿ. ನಿಲ್ಲೋಕೂ ಕಷ್ಟವಾಗುವಂಥ ಇಳಿಜಾರಿನಲ್ಲಿ ಸಾಲು ಹಿಡಿದಿದ್ದಾರೆ. ಮಣ್ಣು ಕಪ್ಪಗೆ, ಪುಡಿಪುಡಿ. ಬೆಟ್ಟ ಉಗುಳಿದ ಬೂದಿಯೇ ಅವರಿಗೆ ಗೊಬ್ಬರ. ನಮ್ಮ ಜಂಬಿಟ್ಟಿಗೆ ಮಣ್ಣಿಗೆ ಗೊಬ್ಬರ ಹೊತ್ತು ಹೊತ್ತು ಸಾಕಾದ ಯಜಮಾನರು ಕಾರು ನಿಲ್ಲಿಸಿ ಇಳಿದು, ಒಂದು ಮುಷ್ಟಿ ಹಿಡಿದು ನೋಡಿ ಹೊಟ್ಟೆಕಿಚ್ಚು ಪಟ್ಟರು.

ಬ್ರೋಮೊ 2329 ಮೀಟರ್ ಎತ್ತರ. ಕೇಳೋಕೆ ನಮ್ಮ ಮುಳ್ಳಯ್ಯನಗಿರಿಗಿಂತ ಜಾಸ್ತಿ. ಆದರೆ ಜೀಪು ಹೆಚ್ಚುಕಮ್ಮಿ ಬುಡದವರೆಗೆ ಹೋಗುತ್ತದೆ. ಬೆಳಗಿನ ಜಾವ ಮೂರಕ್ಕೆ ಹೊರಡಿಸುತ್ತಾರೆ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ, ಹಾಗಾಗಿ ನಮ್ಮ ಮೈಗೆ ಅದು ನಡುರಾತ್ರಿ. ಚಳಿ ಅಂದರೆ ಚಳಿ. ಜುಲೈ, ಆಗಸ್ಟ್‌ನಲ್ಲಿ ಹುಲ್ಲಿನ ಮೇಲೆ ಹಿಮ ಕಟ್ಟುವುದೂ ಉಂಟಂತೆ. ಮೊದಲು ಪೆನಂಜಾಕನ್ ಗುಡ್ಡದ ಮೇಲಿಂದ ಸೂರ್ಯೋದಯ. ಜನಜಂಗುಳಿ, ಎದುರಿಗೆಲ್ಲ ಮೊಬೈಲು. ಆದರೂ ಬೆಳಕು ಹರಿದಾಗ ಕಾಣುವುದು ಬೇರೆಲ್ಲೂ ಕಾಣುವಂಥದ್ದಲ್ಲ. ಒಂದು ಹಳೇ ದೊಡ್ಡ ಬೆಟ್ಟ ಕುಸಿದು ಸುಮಾರು ಹತ್ತು ಕಿಲೋಮೀಟರ್ ಅಗಲದ ಬಟ್ಟಲಾಗಿದೆ. ಅದರೊಳಗೆ ಹೊಗೆಯಾಡುವ ಬ್ರೋಮೊ, ಹಿಂದೆ ಜಾವಾದಲ್ಲೇ ಎತ್ತರದ ಸೆಮೆರು, 3676 ಮೀಟರ್. ಸೆಮೆರು ಆಗಾಗ ಬುಸ್ ಅಂತ ಒಂದು ಬೂದಿಯುಂಡೆ ಬಿಟ್ಟು ಸುಮ್ಮನಾಗುತ್ತಿತ್ತು.

ಸೂರ್ಯೋದಯ ಆದಮೇಲೆ ಆ ಬಟ್ಟಲಿನೊಳಗಿನ ಮರಳಬಯಲು ದಾಟಬೇಕು. ಕೊಡಚಾದ್ರಿಗೆ ಜೀಪಿನಲ್ಲಿ ಹೋದವರಿಗೆ ಈ ಕುಲುಕಾಟ ಲೆಕ್ಕಕ್ಕೇ ಇಲ್ಲ. ತೊಂದರೆ ಕೊಡುವುದು ಬೂದಿ. ಮೂಗು, ಹಲ್ಲಿನ ಸಂದಿ, ಕ್ಯಾಮೆರಾ, ಎಲ್ಲಾ ಕಡೆ ಹೊಗುತ್ತದೆ. ಒದ್ದೆ ಬಟ್ಟೆ ಮೂಗಿಗೆ ಕಟ್ಟಿಕೊಳ್ಳಿ. ಕೊನೆಗೆ ಇನ್ನೂರೈವತ್ತರಷ್ಟು ಮೆಟ್ಟಿಲು ಹತ್ತಿದರೆ ಬೆಟ್ಟದ ಬಾಯಿ. ಆ ಅಂಚಿನ ಮೇಲೆ ಹೂವು ಏರಿಸಿಕೊಂಡು ಒಬ್ಬ ಪುಟ್ಟ ಗಣಪ ಕೂತಿದ್ದಾನೆ! ಊರಲ್ಲಿ ಈಗಷ್ಟೇ ಗಣಪನನ್ನು ನೀರಿಗೆ ಬಿಟ್ಟು ಬಂದಿದ್ದೆವು, ಇಲ್ಲಿ ನೋಡಿದರೆ ಬೆಂಕಿಯ ಬಾಯಲ್ಲಿ ಕಾವಲು. ಸುತ್ತಲಿನ ತೆಂಗರ್ ಜನ ಹಿಂದೂಗಳು. ಕಸಾದ ಹಬ್ಬದ ದಿನ ಬೆಳೆದ ತರಕಾರಿ, ಕೋಳಿ, ದುಡ್ಡು ತಂದು ಈ ಬಾಯಿಗೆ ಎಸೆಯುತ್ತಾರೆ. ಒಳಗಿನ ಇಳಿಜಾರಿನಲ್ಲಿ ಬಲೆ ಹಿಡಿದು ನಿಂತು ಅದನ್ನು ಹಿಡಿದುಕೊಳ್ಳುವವರೂ ಇರುತ್ತಾರೆ. ನನಗೆ ಆ ಭಕ್ತಿ, ಈ ಬಲೆ ಎರಡೂ ಇಷ್ಟವಾದವು.

ಅಲ್ಲಿಂದ ಲುಮಾಜಂಗ್ ಕಡೆಗೆ, ತುಂಪಕ್ ಸೆವು ಜಲಪಾತಕ್ಕೆ. ಎತ್ತರ ಕೇಳಿದರೆ ಜೋಗದವರು ನಗುತ್ತಾರೆ. ನಮ್ಮದು 253 ಮೀಟರ್, ಅದು ಸುಮಾರು 120. ನನ್ನ ಪಟ್ಟಿಯಲ್ಲಿ ಅದು ಉಳಿದದ್ದು ನೀರಿಗಾಗಿ ಅಲ್ಲ, ಅದು ಸೆಮೆರುವಿನ ಬುಡದಲ್ಲಿದೆ ಅಂತ. ಹಳೇ ಬೂದಿ, ಲಾವಾ ಪದರದ ಗೋಡೆ ಅರ್ಧಚಂದ್ರಾಕಾರದಲ್ಲಿ ನಿಂತಿದೆ. ಅದರ ಉದ್ದಕ್ಕೂ ನೂರಾರು ಎಳೆಯಾಗಿ ನೀರು. ಜೋಗದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ಅಂತ ಬೆರಳು ತೋರಿಸಿ ಎಣಿಸಬಹುದು, ಇಲ್ಲಿ ಎಣಿಸೋ ಮಾತೇ ಇಲ್ಲ. ಇನ್ನೊಂದು ಮಾತು. ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಜೋಗದಲ್ಲಿ ತುಂಬು ನೀರು ನೋಡಬೇಕಾದರೆ ಒಳ್ಳೆ ಮಳೆಯನ್ನೋ, ಗೇಟು ತೆಗೆಯುವುದನ್ನೋ ಕಾಯಬೇಕು. ಇಲ್ಲಿ ಬೇಸಿಗೆಯಲ್ಲೂ ಗೋಡೆಯ ಪದರಗಳಿಂದ ಒಸರಿ ಬೀಳುತ್ತದೆ.

ಮೇಲಿಂದ ನೋಡಿ ವಾಪಸ್ ಬರಬೇಡಿ, ಕೆಳಗೆ ಇಳಿಯಿರಿ. ಬಿದಿರಿನ ಏಣಿ, ಹಗ್ಗ, ಕೆಲವು ಕಡೆ ನೀರು ಹರಿಯುವ ಬಂಡೆಯಲ್ಲೇ ಕೊರೆದ ಮೆಟ್ಟಿಲು. ಟೂರಿಸ್ಟ್ ಹುಡುಗರು ಬಿಳಿ ಶೂ ಹಾಕಿಕೊಂಡು ಕೂತಲ್ಲೇ ಜಾರುತ್ತಿದ್ದರು. ನಾವು ನಮ್ಮ ತೋಟದ ಸಂಕ (ಕಾಲುಸೇತುವೆ) ದಾಟುವ ಹಾಗೆ ಪಾದ ಅಡ್ಡ ಇಟ್ಟು ಇಳಿದೆವು. ರಕ್ತ ಹೀರುವ ಉಂಬಳವೂ ಇರಲಿಲ್ಲ, ಅದೊಂದು ದೊಡ್ಡ ಸಮಾಧಾನ! ಆದರೆ ಆಕಾಶ ಕಪ್ಪಾಗಿದ್ದರೆ ಯಾರು ಏನೇ ಹೇಳಲಿ, ಇಳಿಯಬೇಡಿ. ಸೆಮೆರುವಿನ ಮೈಮೇಲೆ ಸಡಿಲ ಬೂದಿ ರಾಶಿ ಬಿದ್ದಿರುತ್ತದೆ. ಮೇಲೆ ಮಳೆ ಹೊಯ್ದರೆ ಅದು ಕಲ್ಲು, ಕೆಸರು ಕಟ್ಟಿಕೊಂಡು ಹೊಳೆಯಲ್ಲಿ ನುಗ್ಗುತ್ತದೆ. 2021ರ ಡಿಸೆಂಬರ್‌ನಲ್ಲಿ ಸೆಮೆರು ಸಿಡಿದಾಗ ಈ ಭಾಗದಲ್ಲಿ ಐವತ್ತಕ್ಕೂ ಹೆಚ್ಚು ಜನ ಸತ್ತರು, ಗ್ಲಾಡಾಕ್ ಪೆರಾಕ್ ಸೇತುವೆಯೇ ಕೊಚ್ಚಿಹೋಯಿತು. ಗುಡ್ಡ ಕುಸಿಯುವುದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ ಇಜೆನ್. ಒಂದೇ ಜಾಗ ನೋಡೋಕೆ ಆಗೋದು ಅಂದರೆ ನಾನು ಇದನ್ನೇ ಹೇಳುತ್ತೇನೆ. ಬಾನ್ಯುವಂಗಿ ಊರಲ್ಲಿ ಉಳಿದುಕೊಂಡು ನಡುರಾತ್ರಿ ಹೊರಡಬೇಕು. ಹತ್ತುವ ಮುಂಚೆ ಡಾಕ್ಟರ ಸರ್ಟಿಫಿಕೇಟು ಕೇಳುತ್ತಾರೆ, ಉಬ್ಬಸ ಇದ್ದವರು ಬೇಡವೇ ಬೇಡ. ಬಾಡಿಗೆಗೆ ಮಾಸ್ಕ್ ಸಿಗುತ್ತದೆ, ಫಿಲ್ಟರ್ ಇದ್ದದ್ದನ್ನೇ ಕೇಳಿ ತೆಗೆದುಕೊಳ್ಳಿ. ಸುಮಾರು ಮೂರು ಕಿಲೋಮೀಟರ್ ಏರು, ಆಮೇಲೆ ಬಾಯೊಳಗೆ ಕಲ್ಲುದಾರಿಯ ಇಳಿಜಾರು. ಗಾಳಿ ತಿರುಗಿದರೆ ಹೊಗೆ ಮುಖಕ್ಕೇ ಬರುತ್ತದೆ, ಕಣ್ಣು ಉರಿ, ಗಂಟಲು ಕೆರೆತ. ಆಗ ಓಡಬಾರದು. ಹೊಗೆ ಸರಿಯುವವರೆಗೆ ಕಾಯಬೇಕು.

ಕೆಳಗೆ ಕತ್ತಲಲ್ಲಿ ನೀಲಿ ಬೆಂಕಿ. ಲಾವಾ ಅಲ್ಲ ಅದು. ನೆಲದ ಬಿರುಕಿನಿಂದ ಬರುವ ಗಂಧಕದ ಆವಿ ಗಾಳಿ ತಾಗಿದ ಕೂಡಲೇ ಹತ್ತಿಕೊಳ್ಳುತ್ತದೆ. ಬೆಳಕಾದರೆ ಕಾಣುವುದಿಲ್ಲ, ಅದಕ್ಕೇ ನಡುರಾತ್ರಿಯ ಈ ಪಾಡು. ಬೆಳಕು ಹರಿದಂತೆ ಪಕ್ಕದಲ್ಲಿ ಕೆರೆ ಕಾಣಿಸಿತು. ಸುಮಾರು ಒಂದು ಕಿಲೋಮೀಟರ್ ಉದ್ದದ, ಹಸಿರು ಬೆರೆತ ತಿಳಿನೀಲಿ ನೀರು. ನೀರು ಅನ್ನೋದೂ ಸುಮ್ನೆ, ಅದು ಬರೀ ಆಸಿಡ್.

ಆದರೆ ನಾನು ಜಾಸ್ತಿ ಹೊತ್ತು ನೋಡಿದ್ದು ಕೆಲಸದವರನ್ನು. ಬಿರುಕಿಗೆ ಪೈಪು ಜೋಡಿಸಿದ್ದಾರೆ. ಅದರೊಳಗೆ ಆವಿ ತಣಿದು, ತುದಿಯಿಂದ ಕೆಂಪು ರಸ ತೊಟ್ಟಿಕ್ಕುತ್ತದೆ, ಆರಿದರೆ ಅರಿಶಿನ ಬಣ್ಣದ ಗಟ್ಟಿ. ಹಾರೆಯಿಂದ ಎಬ್ಬಿಸಿ, ಬಿದಿರಿನ ಬುಟ್ಟಿಗೆ ತುಂಬಿ, ಎರಡು ಬುಟ್ಟಿಯನ್ನು ಅಡ್ಡೆಗೆ ಕಟ್ಟಿ ಹೆಗಲಿಗೇರಿಸುತ್ತಾರೆ. ಎಪ್ಪತ್ತರಿಂದ ತೊಂಬತ್ತು ಕೆಜಿ. ಅಡಿಕೆ ಕೊನೆ ಇಳಿಸುವ ನಮ್ಮ ಕೊನೆಗೌಡರು ಹೊರುವ ಹೊರೆ ನೋಡಿ ಬೆಳೆದವಳು ನಾನು, ಆದರೂ ಬುಟ್ಟಿಯ ತುದಿ ಎತ್ತಿ ನೋಡಿ ಬಿಟ್ಟುಬಿಟ್ಟೆ. ಒಬ್ಬರ ಹೆಗಲ ಮೇಲೆ ಅಡ್ಡೆ ಕೂತ ಜಾಗದಲ್ಲಿ ಗಂಟು ಎದ್ದು ಗಟ್ಟಿಯಾಗಿತ್ತು. ಈ ಗಂಧಕದಲ್ಲಿ ಒಂದಷ್ಟು ಹೋಗುವುದು ಸಕ್ಕರೆ ಬೆಳ್ಳಗೆ ಮಾಡೋದಕ್ಕೆ. ಅವರು ಹತ್ತುವಾಗ ದಾರಿ ಬಿಡಿ. ಕೇಳದೆ ಫೋಟೋ ಹೊಡೆಯಬೇಡಿ, ಹೊಡೆದರೆ ಏನಾದರೂ ಕೊಡಿ.

ಊಟದ ಬಗ್ಗೆ, ನಮ್ಮ ಹಾಗೆ ಮೀನು ಮಾಂಸ ತಿನ್ನದವರಿಗೆ: ಅನ್ನ ಎಲ್ಲೆಲ್ಲೂ ಸಿಗುತ್ತದೆ. ಸೋಯಾ ಹುದುಗಿಸಿ ಮಾಡುವ ತೆಂಪೆ ಹುರಿದುಕೊಟ್ಟರೆ ಚೆನ್ನಾಗಿರುತ್ತದೆ. ತರಕಾರಿಗೆ ಶೇಂಗಾ ಗೊಜ್ಜು ಹಾಕಿದ ಗಾಡೊ ಗಾಡೊ ಕೂಡ. ಆದರೆ ಕೆಂಪು ಚಟ್ನಿಯಲ್ಲಿ ಬಹಳ ಸಲ ತೆರಾಸಿ, ಅಂದರೆ ಸಿಗಡಿ ಹುದುಗಿಸಿದ್ದು, ಸೇರಿರುತ್ತದೆ. ಮೊದಲೇ ಕೇಳಿ. ನಾವು ಅವಲಕ್ಕಿ, ಅಪ್ಪೆಮಿಡಿ ಉಪ್ಪಿನಕಾಯಿ ಹೊತ್ತಿದ್ದೆವು, ಒಂದು ಮಿಡಿಯೂ ಉಳಿಯಲಿಲ್ಲ.

ಅಷ್ಟು ದೂರ ಆಗದು ಅನ್ನುವವರಿಗೆ ಹತ್ತಿರದಲ್ಲೇ ಎರಡು ಜಾಗ ಇದೆ. ಬೆಂಕಿ ಇಲ್ಲ, ಆರಿದ ಕಲ್ಲು ಮಾತ್ರ. ಒಂದು ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿ. ಕೋಟ್ಯಂತರ ವರ್ಷದ ಹಿಂದೆ ನೀರಿನಡಿ ಉಕ್ಕಿದ ಲಾವಾ ದಿಂಬು ಜೋಡಿಸಿಟ್ಟ ಹಾಗೆ ಗಟ್ಟಿಯಾಗಿದೆ. ಇನ್ನೊಂದು ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪ, ಸುಮಾರು ಎಂಟೂಮುಕ್ಕಾಲು ಕೋಟಿ ವರ್ಷದ ಹಿಂದೆ ಭಾರತ ಮಡಗಾಸ್ಕರ್‌ನಿಂದ ಬೇರೆಯಾದ ಕಾಲದ ಕಂಬಗಲ್ಲು. ಆಗುಂಬೆ ಇಳಿದರೆ ಒಂದೇ ದಿನಕ್ಕೆ ಹೋಗಿಬರಬಹುದು. ಮಳೆಗಾಲದಲ್ಲಿ ಮಲ್ಪೆಯಿಂದ ದೋಣಿ ಬಿಡುವುದಿಲ್ಲ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.