ತೆಳು ನೆಕ್ಕಿಗೆ ಸಿಂಗಲ್ ರಾಡ್: ನಾಲ್ಕು ನೆಕ್ ಹಾಳಾದ ಮೇಲೆ ಸಿಕ್ಕ ದಾರಿ

ತಂತಿಯ ಎಳೆತಕ್ಕೆ ಗಿಟಾರಿನ ನೆಕ್ (ಕತ್ತು) ಬಾಗದಿರಲಿ ಅಂತ ಅದರೊಳಗೆ ಬಿಗಿ ಮಾಡಬಹುದಾದ ಉಕ್ಕಿನ ರಾಡ್ ಕೂರಿಸುತ್ತಾರೆ. ಸಿಂಗಲ್ ಆಕ್ಷನ್ ರಾಡ್ ನೆಕ್ಕನ್ನು ಹಿಂದಕ್ಕೆ ಮಾತ್ರ ಎಳೆಯುತ್ತದೆ, ಡಬಲ್ ಎರಡೂ ಕಡೆಗೆ ಬಾಗಿಸುತ್ತದೆ. ತೆಳು ನೆಕ್ಕಿಗೆ ಸಿಂಗಲ್ ಆಕ್ಷನ್ ರಾಡ್ ಹಾಕ್ತೀನಿ ಅಂದಾಗ ಗಿಟಾರ್ ಮಾಡುವ ಗೆಳೆಯರೆಲ್ಲ ಒಂದೇ ಮಾತು ಹೇಳಿದರು. "ಈ ಕಾಲದಲ್ಲಿ ಅದ್ಯಾಕೆ ಮಾರಾಯ, ಡಬಲ್ ಹಾಕಿ ಸುಮ್ನಿರು." ಈಗ ಆ ರಾಡ್ ಇರುವ ಒಂಬತ್ತು ಗಿಟಾರ್ ನನ್ನ ಕೈಯಿಂದ ಹೊರಗೆ ಹೋಗಿವೆ. ಮೊದಲನೆಯದಕ್ಕೆ ಮೂರು ವರ್ಷ ತುಂಬುತ್ತಾ ಬಂತು. ನೆಕ್ ಬಾಗಿದೆ ಅಂತ ಒಂದೂ ವಾಪಸ್ ಬಂದಿಲ್ಲ.

ಡಬಲ್ ರಾಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನೆಕ್ ದಪ್ಪ ಇದ್ದರೆ ಅದರಷ್ಟು ಸಲೀಸು ಬೇರೆ ಯಾವುದೂ ಅಲ್ಲ. ರಾಡ್ ಕೂರಲು ಮರದಲ್ಲಿ ಕೊರೆದ ನೇರ ಚಾನಲ್, 6 ಮಿ.ಮೀ. ಬಿಟ್, ಅರ್ಧ ಗಂಟೆಯಲ್ಲಿ ಕೆಲಸ ಮುಗೀತು. ನನ್ನ ತಕರಾರು ಇರೋದು ಮೊದಲ ಫ್ರೆಟ್ (ಬೆರಳೊತ್ತುವ ಹಲಗೆಯ ಮೇಲಿನ ಅಡ್ಡ ಲೋಹದ ಪಟ್ಟಿ) ಹತ್ತಿರ. ನನ್ನ ನೆಕ್ ಅಲ್ಲಿ ಫ್ರೆಟ್‌ಬೋರ್ಡ್ ಸೇರಿ 20 ಮಿ.ಮೀ. ಬೋರ್ಡಿನ 6 ಕಳೆದರೆ ಮರ 14. ನಾನು ತರಿಸುತ್ತಿದ್ದ ಡಬಲ್ ರಾಡಿಗೆ ಚಾನಲ್ 10 ಮಿ.ಮೀ. ಆಳ ಬೇಕು. ಹಿಂದೆ ಉಳಿಯೋದು ನಾಲ್ಕೇ ನಾಲ್ಕು.

ಮೊದಲ ನೆಕ್ಕನ್ನು ಕೆತ್ತುತ್ತಾ ಇದ್ದೆ. ಅರದ ಸದ್ದು ಒಂದು ಕಡೆ ಬದಲಾಯಿತು. ಉಗುರಿನಿಂದ ತಟ್ಟಿ ನೋಡಿದೆ, ಪೊಳ್ಳು ಸದ್ದು. ಇನ್ನೆರಡು ಎಳೆತಕ್ಕೆ ಮರದ ನಡುವೆ ಕೂದಲೆಳೆಯಷ್ಟು ಉಕ್ಕು ಹೊಳೆಯಿತು. ಆ ನೆಕ್ ಮುಗಿದಂತೆಯೇ.

ಎರಡನೆಯದು ಕೆತ್ತನೆಯಲ್ಲಿ ಉಳಿಯಿತು, ತಂತಿ ಹಾಕಿದ ಮೇಲೆ ಹೋಯಿತು. ನೆಕ್ ಹಿಂದಕ್ಕೆ ಬಾಗಿತ್ತು. ಡಬಲ್ ಇದೆಯಲ್ಲ ಅಂತ ಉಲ್ಟಾ ತಿರುಗಿಸಿದೆ. ಉಲ್ಟಾ ತಿರುಗಿಸಿದಾಗ ರಾಡಿನ ನಡುಭಾಗ ಚಾನಲ್ ತಳವನ್ನೇ ಒತ್ತುತ್ತದೆ. ಅಲ್ಲಿ ಮರ ತೆಳು. ಐದನೇ ಫ್ರೆಟ್‌ನಿಂದ ಒಂಬತ್ತರವರೆಗೆ ಎಳೆ ಹಿಡಿದು ಸೀಳಿತು. ರಾಡ್ ಬಿಚ್ಚಿಕೊಂಡೆ, ಆದರೆ ರೋಸ್‌ವುಡ್ ಬೋರ್ಡ್ ಇಡಿಯಾಗಿ ಬರಲಿಲ್ಲ. ಎರಡು ನೆಕ್, ಎರಡು ಬೋರ್ಡ್, ಎರಡು ಸೆಟ್ ಫ್ರೆಟ್ ವೈರ್. ಆ ತಿಂಗಳು ರಿಪೇರಿ ಕೆಲಸದಲ್ಲಿ ಬಂದ ದುಡ್ಡೆಲ್ಲ ಇದಕ್ಕೇ ಹೋಯಿತು.

ಆಮೇಲೆ ಹಳೇ ದಾರಿ ನೋಡೋಣ ಅನ್ನಿಸಿತು. ಗಿಬ್ಸನ್‌ನ ಥ್ಯಾಡಿಯಸ್ ಮೆಕ್‌ಹ್ಯೂ ಬಿಗಿ ಮಾಡಬಹುದಾದ ರಾಡಿಗೆ ಪೇಟೆಂಟ್ ಪಡೆದಿದ್ದು 1923ರಲ್ಲಿ. ಅಲ್ಲಿಂದ ಇಲ್ಲಿವರೆಗೆ ಲೆಕ್ಕವಿಲ್ಲದಷ್ಟು ಗಿಟಾರ್ ಒಂದೇ ಸರಳಿನ ಮೇಲೆ ನಿಂತಿವೆ. ದುಡ್ಡಿನ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಒಂದು ಡಬಲ್ ರಾಡಿನ ಬೆಲೆಗೆ ಐದಾರು ನೆಕ್ಕಿಗೆ ಆಗುವಷ್ಟು 5 ಮಿ.ಮೀ. ಸರಳು ಬರುತ್ತದೆ. ಥ್ರೆಡ್ ಕೊರೆಯುವ ಡೈ, ಟ್ಯಾಪ್ ನನ್ನ ಹತ್ತಿರ ಇದ್ದೇ ಇದ್ದವು.

ಮೂರನೇ ನೆಕ್ಕಿಗೆ ಸಿಂಗಲ್ ರಾಡನ್ನು ನೇರ ಚಾನಲ್‌ನಲ್ಲಿ ಕೂರಿಸಿದೆ. ಆಳ ಹೋಗೋಕೆ ಹೆದರಿ ಮೇಲೇ ಇಟ್ಟಿದ್ದೆ. ನಟ್ ಎಷ್ಟು ತಿರುಗಿಸಿದರೂ ನೆಕ್ ಅಲ್ಲಾಡಲಿಲ್ಲ, ಬರೀ ಉದ್ದಕ್ಕೆ ಅದುಮಿಕೊಂಡಿತು. ನೇರ ರಾಡ್ ಹಾಕೋದಾದರೆ ಹಿಂಬದಿಗೆ ಹತ್ತಿರ ಇರಬೇಕು. ನನ್ನ ನೆಕ್ಕಿನಲ್ಲಿ ಅಷ್ಟು ಜಾಗ ಇಲ್ಲ. ಜಾಸ್ತಿ ಬಿಗಿ ಮಾಡಿದ್ದಕ್ಕೆ ಹೆಡ್‌ಸ್ಟಾಕ್ (ನೆಕ್ಕಿನ ತಲೆ) ಕಡೆಯ ವಾಷರ್ ಮಹಾಗನಿಯೊಳಗೆ ಇಳಿದು ಹೋಯಿತು.

ಹಾಗಾಗಿ ಕಮಾನು ಚಾನಲ್. ಎರಡು ತುದಿಯಲ್ಲಿ 8 ಮಿ.ಮೀ. ಆಳ, ಒಳಗೆ ಹೆಚ್ಚುಕಡಿಮೆ 11. ಮೇಲೆ ಅದೇ ಕಮಾನಿನ ಫಿಲ್ಲರ್ ಪಟ್ಟಿ. ಜೋತು ಬಿದ್ದ ಸರಳನ್ನು ಎಳೆದರೆ ಅದು ನೆಟ್ಟಗಾಗಲು ನೋಡುತ್ತದೆ, ಪಟ್ಟಿಯನ್ನು ಬೋರ್ಡಿನ ಕಡೆಗೆ ಎತ್ತುತ್ತದೆ. ತೆಳುವಾದ ಹಿಂಬದಿಯ ಮೇಲೆ ಅದರ ಒತ್ತಡ ಬೀಳೋದೇ ಇಲ್ಲ. ನನಗೆ ಬೇಕಾಗಿದ್ದು ಇದೇ. ಮೊದಲ ಫ್ರೆಟ್ ಹತ್ತಿರ ಈಗ 6 ಮಿ.ಮೀ. ಮರ ಉಳಿಯುತ್ತದೆ. ನಡುವಲ್ಲಿ ನೆಕ್ ಸ್ವಲ್ಪ ದಪ್ಪ ಇರೋದರಿಂದ ನಾಲ್ಕೂವರೆ. ಬಿಟ್ ಗುಂಡು ತಳದ್ದು, ಮೂಲೆಗಳಲ್ಲಿ ಇನ್ನೂ ಜಾಸ್ತಿ ಸಿಗುತ್ತದೆ. ಅತಿ ಆಳದ ಜಾಗವನ್ನು ನಾನು ಸರಿಯಾಗಿ ನಡುವೆ ಇಡೋದಿಲ್ಲ. ಎಲ್ಲಿ ಅನ್ನೋದು ಸದ್ಯ ನನ್ನಲ್ಲೇ ಇರಲಿ, ಚಾನಲ್ ಕೊರೆಯಲು ಬಳಸುವ ಆ ಜಿಗ್ (ಅಚ್ಚು) ಸರಿಯಾಗಲು ನಾಲ್ಕು ವಾರ ಹಿಡಿದಿದೆ.

ಹಾಗಿದ್ದೂ ನಾಲ್ಕನೇ ನೆಕ್ ಹಾಳಾಯಿತು. ಪಟ್ಟಿಗೆ ಹಚ್ಚಿದ ಅಂಟು ಕೆಳಗಿಳಿದು ರಾಡನ್ನೇ ಹಿಡಿದುಕೊಂಡಿತು. ನಟ್ ತಿರುಗಿಸಿದೆ, ಬಿಗಿಯಾಯಿತು, ಇನ್ನೊಂದು ಕಾಲು ಸುತ್ತು ಕೊಟ್ಟೆ. ಠಕ್ ಅಂತ ಥ್ರೆಡ್ ಶುರುವಾಗುವ ಜಾಗದಲ್ಲೇ ಸರಳು ಮುರಿಯಿತು. ಈಗ ರಾಡಿಗೆ ಹೀಟ್ ಶ್ರಿಂಕ್ ಕೊಳವೆ ಹಾಕ್ತೀನಿ, ಚಾನಲ್ 6 ಮಿ.ಮೀ. ಅಗಲ. ಗಡಗಡ ಸದ್ದೂ ನಿಂತಿತು. ಕೊಳವೆಯೊಳಗೆ ಹಚ್ಚುವ ವಸ್ತುವನ್ನು ಇಲ್ಲಿ ಬರೆಯೋದಿಲ್ಲ, ಆದರೆ ಬರೀ ಮೇಣ ಸಾಲದು. ಹೀಲ್ (ನೆಕ್ ಗಿಟಾರಿನ ಒಡಲಿಗೆ ಸೇರುವ ತುದಿ) ಕಡೆ ಉಕ್ಕಿನ ಗುಂಡು ತುಂಡಿಗೆ ಟ್ಯಾಪ್ ಹಾಕಿ, ಸರಳಿನ ತುದಿಯನ್ನು ಸುತ್ತಿಗೆಯಿಂದ ಬಡಿದು ಅಗಲ ಮಾಡಿ. ಬಡಿಯದೆ ಬಿಟ್ಟರೆ ಸರಳೇ ತಿರುಗುತ್ತದೆ. ವಾಷರ್ ಅಗಲವಾಗಿರಲಿ. ಮಹಾಗನಿ ಆದರೆ ಅದರ ಕೆಳಗೆ ಮೇಪಲ್ ತುಂಡು ಕೊಡಿ.

ಈಗ ಎಲ್ಲರೂ ಕೇಳುವ ಪ್ರಶ್ನೆ. ನೆಕ್ ಹಿಂದಕ್ಕೆ ಬಾಗಿದರೆ? ಸಿಂಗಲ್ ರಾಡ್ ಅದನ್ನು ಸರಿ ಮಾಡಲಾರದು, ನಿಜ. ಆದರೆ ನನ್ನ ಎರಡನೇ ನೆಕ್ ಯಾಕೆ ಬಾಗಿತ್ತು ಅಂತ ಆಮೇಲೆ ಗೊತ್ತಾಯಿತು. ತಪ್ಪು ಮರದ್ದಲ್ಲ, ಫ್ರೆಟ್‌ಗಳದ್ದು. ಸೀಳನ್ನು ಸಣ್ಣದಾಗಿ ಕೊಯ್ದು 22 ಫ್ರೆಟ್ ಬಡಿದರೆ ಬೋರ್ಡಿಗೆ 22 ಬೆಣೆ ಹೊಡೆದ ಹಾಗೆ. ಮೇಲ್ಮೈ ಉದ್ದವಾಗುತ್ತದೆ, ನೆಕ್ ಹಿಂದಕ್ಕೆ ಹೋಗುತ್ತದೆ. ಫ್ರೆಟ್ ಸೀಳು ಕೂದಲೆಳೆಯಷ್ಟು ಸಡಿಲ ಮಾಡಿದ ಮೇಲೆ ಅರ್ಧ ತೊಂದರೆ ಹೋಯಿತು. ಉಳಿದ ಅರ್ಧಕ್ಕೆ, ರಾಡನ್ನು ಕಾಲು ಸುತ್ತು ಬಿಗಿ ಮಾಡಿಟ್ಟುಕೊಂಡೇ ಬೋರ್ಡನ್ನು ಸಮತಟ್ಟು ಮಾಡ್ತೀನಿ. ಸಡಿಲ ಬಿಟ್ಟಾಗ ನೆಕ್ ಮುಂದಕ್ಕೆ 0.2 ಮಿ.ಮೀ. ಆಸುಪಾಸು ಬಾಗುತ್ತದೆ. ಫ್ರೆಟ್ ಬಡಿದಾಗ ಅದರಲ್ಲಿ ಒಂದಿಷ್ಟು ಹಿಂದೆ ಹೋದರೂ ಕೈಯಲ್ಲಿ ಇನ್ನೂ ಉಳಿತಾಯ ಇರುತ್ತದೆ.

10ರ ತಂತಿ ಸೆಟ್ (ಅತಿ ತೆಳು ತಂತಿ 0.010 ಇಂಚು) ಹಾಕಿ ಟ್ಯೂನ್ ಮಾಡಿದರೆ, ರಾಡ್ ಸಡಿಲ ಇದ್ದಾಗ ಏಳನೇ ಫ್ರೆಟ್‌ನಲ್ಲಿ 0.6 ಮಿ.ಮೀ. ಹತ್ತಿರ ರಿಲೀಫ್, ಅಂದರೆ ನೆಕ್ ಮುಂದಕ್ಕೆ ಬಾಗಿದ್ದರಿಂದ ಆಗುವ ಸಂದು, ಬರುತ್ತದೆ. ಅರ್ಧ ಸುತ್ತಿಗೂ ಕಡಿಮೆ ತಿರುಗಿಸಿದರೆ 0.2ಕ್ಕೆ ಇಳಿಯುತ್ತದೆ. ಡಬಲ್ ಹಾಕಿದ್ದಾಗ ನಟ್ ಮೊದಲ ಸುತ್ತೆಲ್ಲ ಸುಮ್ನೆ ತಿರುಗುತ್ತಿತ್ತು, ಏನೂ ಆಗುತ್ತಿರಲಿಲ್ಲ. ಇದರಲ್ಲಿ ಕೀ ಅಲ್ಲಾಡಿಸಿದರೆ ಸಂದು ಅಳೆಯುವ ಫೀಲರ್ ಗೇಜ್‌ಗೆ ತಿಳಿಯುತ್ತದೆ. ತೂಕವೂ ಚೆನ್ನಾಗಿ ಇಳಿಯಿತು. ಡಬಲ್ 120 ಗ್ರಾಂ ಇತ್ತು ಅಂತ ನೆನಪು, ನನ್ನದು ನಟ್ ಸೇರಿ 70ರ ಒಳಗೆ. ಬೆಲ್ಟ್ ಹಾಕಿ ನಿಂತಾಗ ಹೆಡ್‌ಸ್ಟಾಕ್ ಕೆಳಗೆ ಜಾರೋದು ಕಡಿಮೆಯಾಯಿತು.

ನಡುವೆ ಒಂದು ನೆಕ್ಕಿಗೆ ರಾಡೇ ಇಲ್ಲದೆ ಎರಡು ಕಾರ್ಬನ್ ಫೈಬರ್ ಪಟ್ಟಿ ಹಾಕಿ ನೋಡಿದೆ. ಕಲ್ಲಿನಂತೆ ನಿಂತಿತು, ಅದೇ ತೊಂದರೆ. 9ರ ಸೆಟ್‌ಗೆ ರಿಲೀಫ್ ಬರಲೇ ಇಲ್ಲ, ಕೆಳಗಿನ ಫ್ರೆಟ್‌ಗಳಲ್ಲಿ ತಂತಿ ಝುಂಯ್ ಅನ್ನುತ್ತಿತ್ತು. 11ರ ಸೆಟ್ ಹಾಕಿದ ಮೇಲೆ ಚೆನ್ನಾಗಿ ನುಡಿಯಿತು. ಆದರೆ ಯಾವ ತಂತಿ ಹಾಕಬೇಕು ಅಂತ ನುಡಿಸುವವರಿಗೆ ನಾನು ಹೇಳೋಕಾಗುತ್ತದಾ? ಆ ಪಟ್ಟಿಗಳ ದುಡ್ಡಿಗೆ ಇನ್ನೊಂದು ಬೋರ್ಡ್ ಬರುತ್ತಿತ್ತು.

12 ತಂತಿಯ ಗಿಟಾರಿಗೆ ಈ ರಾಡ್ ನಾನಿನ್ನೂ ಹಾಕಿಲ್ಲ. ಈಗ ಒಂದು ಆರ್ಡರ್ ಬಂದಿದೆ. ಅಕ್ಕಪಕ್ಕ ಎರಡು ಸಿಂಗಲ್ ರಾಡ್ ಕೂರಿಸೋ ಯೋಚನೆ. ಮೊನ್ನೆ ಪೈನ್ ತುಂಡಿನ ಮೇಲೆ ಎರಡು ಚಾನಲ್ ಹೊಡೆದು ನೋಡಿದೆ. ನಡುವಿನ ಗೋಡೆ 8 ಮಿ.ಮೀ. ಇದ್ದರೆ ನಿಲ್ಲುತ್ತದೆ, 5 ಆದರೆ ಬಿಟ್ ಹೋದಾಗಲೇ ಚಕ್ಕೆ ಎದ್ದಿತು.