ಸಾಲಿನ ಕೊನೆಯ ಗಾಡಿ

ಮೊನ್ನೆ ಹುಡುಗನೊಬ್ಬ ಫೋನ್ ಮಾಡಿ ಕೇಳಿದ, "ಅಣ್ಣ, ನಾನೂ ಬೈಕ್ ಕ್ಲಬ್ ಬಿಡಬೇಕು ಅಂತಿದ್ದೀನಿ. ವಾಟ್ಸಾಪ್ ಗ್ರೂಪಿಂದ ಹೊರಗೆ ಬಂದ್ರೆ ಸಾಕಲ್ವಾ?"

ಸಾಲದು. ಯಾಕೆ ಸಾಲದು ಅಂತ ಫೋನಲ್ಲಿ ಹೇಳೋಕೆ ಆಗಲಿಲ್ಲ, ಅದಕ್ಕೆ ನಾನು ಹೇಗೆ ಬಿಟ್ಟೆ ಅನ್ನೋದನ್ನ ಇಲ್ಲಿ ಬರೆಯುತ್ತಿದ್ದೇನೆ.

ನಾನು ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಮಾಸ್ಟರ್. 2014ರಲ್ಲಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್ ತಗೊಂಡೆ, ಅದೇ ವರ್ಷ ಕ್ಲಬ್ ಸೇರಿದೆ. ಮರುವರ್ಷದಿಂದ ನಾನು ಸ್ವೀಪ್. ಅಂದರೆ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ಬರುವವನು. ಮುಂದಿರುವ ಲೀಡ್ ದಾರಿ ತೋರಿಸುತ್ತಾನೆ, ಹಿಂದಿರುವ ಸ್ವೀಪ್ ಯಾರನ್ನೂ ಬಿಟ್ಟು ಬರುವುದಿಲ್ಲ. ಯಾರದಾದರೂ ಪಂಚರ್ ಆದರೆ, ಚೈನ್ ಕಳಚಿದರೆ, ಇಲ್ಲವೇ ಸುಮ್ನೆ ಸುಸ್ತಾಗಿ ನಿಂತರೂ ಅವರ ಜೊತೆ ನಿಲ್ಲುವವನು ನಾನೇ. ರೈಡ್ ಮುಗಿದ ರಾತ್ರಿ ಒಬ್ಬೊಬ್ಬರನ್ನೂ ವಿಚಾರಿಸಿ, ಗ್ರೂಪಿಗೆ "ಎಲ್ಲರೂ ಮನೆ ಸೇರಿದರು" ಅಂತ ಹಾಕಿದ ಮೇಲೆಯೇ ನನ್ನ ಕೆಲಸ ಮುಗಿಯುತ್ತಿತ್ತು. ಒಂಬತ್ತು ವರ್ಷ ಆ ಮೆಸೇಜ್ ಹಾಕಿದ್ದೇನೆ.

2024ರ ಜುಲೈ. ಸಂಡೂರಿನಿಂದ ವಾಪಸ್ ಬರುತ್ತಿದ್ದೆವು. ಸಣ್ಣ ಮಳೆ, ರಸ್ತೆ ತುಂಬ ಅದಿರಿನ ಕೆಂಪು ಕೆಸರು, ಮುಂದೆ ಲಾರಿಗಳ ಸಾಲು. ಮುಂದಿನ ಗಾಡಿ ಬ್ರೇಕ್ ಹಾಕಿತು, ನಾನೂ ಹಾಕಿದೆ. ಆದರೆ ಲಿವರ್ ಎಷ್ಟು ಒತ್ತಿದೆ ಅಂತ ನನ್ನ ಬಲಗೈಗೆ ಗೊತ್ತೇ ಆಗಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಜೋಮು ಹಿಡಿದಿದ್ದವು. ಕಾಲಿನ ಬ್ರೇಕ್ ಇತ್ತು ಅಂತ ಬಚಾವ್. ಮುಂದಿನ ಹುಡುಗನ ಗಾಡಿಗೂ ನನ್ನದಕ್ಕೂ ಒಂದು ಮೊಳ ಉಳಿದಿತ್ತು ಅಷ್ಟೆ.

ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ ಅಂದರು ಡಾಕ್ಟರು. ಇದಕ್ಕೆ ಕಾರ್ಪಲ್ ಟನಲ್ ಅಂತ ಹೆಸರು. ವಾರವೆಲ್ಲ ಕಟಿಂಗ್ ಮಷಿನ್ ಹಿಡಿಯುವ ಕೈ, ಭಾನುವಾರ ಒಂಟಿ ಸಿಲಿಂಡರ್ ಗಾಡಿಯ ನಡುಕ ಹಿಡಿಯುವ ಕೈ. ಎರಡರಲ್ಲಿ ಒಂದನ್ನ ಕಡಿಮೆ ಮಾಡಿ ಅಂದರು. ಮಷಿನ್ ಬಿಟ್ಟರೆ ಮನೆ ನಡೆಯಲ್ಲ.

ಇಲ್ಲಿ ನಾನು ತಪ್ಪು ಮಾಡಿದೆ. ಯಾರಿಗೂ ಹೇಳಲಿಲ್ಲ. ಆಗಸ್ಟ್‌ನಲ್ಲಿ ಆನೆಗೊಂದಿ ರೈಡ್ ಇಟ್ಟುಕೊಂಡಿದ್ದೆವು, ಅಷ್ಟರಲ್ಲಿ ತುಂಗಭದ್ರಾ ಡ್ಯಾಂನ 19ನೇ ಗೇಟು ಕೊಚ್ಚಿ ಹೋಯಿತು, ನದಿ ದಾಟುವುದು ಬೇಡ ಅಂತ ಎಲ್ಲರೂ ಸೇರಿ ಕೈಬಿಟ್ಟೆವು. ಒಳಗೊಳಗೇ ನನಗೆ ನೆಮ್ಮದಿ ಆಯಿತು. ಸೆಪ್ಟೆಂಬರ್‌ನಲ್ಲಿ ಯೂನಿಟ್‌ನಲ್ಲಿ ಕೆಲಸ ಜಾಸ್ತಿ ಅಂದೆ. ಅಕ್ಟೋಬರ್‌ನಲ್ಲಿ ಮನೆಯಲ್ಲಿ ಹಬ್ಬ ಅಂದೆ. ಆ ಎರಡು ರೈಡಿನಲ್ಲಿ ಹಿಂದೆ ಯಾರು ಬಂದರು ಅಂತ ನಾನು ಕೇಳಲಿಲ್ಲ. ಆಮೇಲೆ ಗೊತ್ತಾಯಿತು, ಯಾರೂ ಬಂದಿರಲಿಲ್ಲ. ನಾನು ಬರಬಹುದು ಅಂತ ಜಾಗ ಖಾಲಿ ಇಟ್ಟಿದ್ದರು. ಇದನ್ನ ಈಗ ಬರೆಯುವಾಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ನವೆಂಬರ್‌ನಲ್ಲಿ ನಮ್ಮ ಕ್ಲಬ್ಬಿನ ಹಿರಿಯಣ್ಣನ ಮನೆಗೆ ಹೋದೆ. ಫೋನ್ ಮಾಡಲಿಲ್ಲ, ಮೆಸೇಜೂ ಹಾಕಲಿಲ್ಲ, ನೇರ ಹೋಗಿ ಕೈ ತೋರಿಸಿ ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಕೈ ಹಿಡಿದುಕೊಂಡೇ ಕೂತಿದ್ದರು. "ನಾಕ್ ತಿಂಗಳ ಹಿಂದ ಹೇಳಬೇಕಿತ್ತಲ್ಲೋ ತಮ್ಮಾ" ಅಂದರು. ಅಷ್ಟೇ ಬೈಗುಳ.

ಆಮೇಲೆ ಒಪ್ಪಿಸುವ ಕೆಲಸ. ಇದಕ್ಕೆ ಮೂರು ವಾರ ಹಿಡಿಯಿತು, ಅವಸರ ಮಾಡಬೇಡಿ. ನನ್ನ ಜಾಗಕ್ಕೆ ಬರುವ ಹುಡುಗನನ್ನ ಮೂರೂ ಭಾನುವಾರ ಮನೆಗೆ ಕರೆದು ಸ್ವೀಪ್ ಬ್ಯಾಗ್ ಬಿಚ್ಚಿ ಕೂತೆ. ಕ್ಲಚ್ ವೈರು, ಆಕ್ಸಿಲರೇಟರ್ ವೈರು, ಪ್ಲಗ್, ಫ್ಯೂಸ್, ಚೈನ್ ಲಾಕ್, ಮುಂದಿನ ಹಿಂದಿನ ಟ್ಯೂಬು, ಕಾಲಲ್ಲಿ ತುಳಿಯುವ ಪಂಪು. ಇವೆಲ್ಲ ಅಂಗಡಿಯಲ್ಲಿ ಸಿಗುತ್ತವೆ, ಆದರೆ ಹಿಂದಿನ ಚಕ್ರ ಬಿಚ್ಚಿ ಟ್ಯೂಬು ಬದಲಿಸೋದು ಅಂಗಡಿಯಲ್ಲಿ ಸಿಗಲ್ಲ. ನನ್ನ ಗಾಡಿಯ ಚಕ್ರವನ್ನೇ ಅವನ ಕೈಲಿ ನಾಲ್ಕು ಸಲ ಬಿಚ್ಚಿಸಿದೆ. ಮೊದಲ ಸಲ ಟೈರಿನ ಅಂಚಿಗೆ ಟ್ಯೂಬು ಸಿಕ್ಕಿ ಹರಿಯಿತು. ನಾಲ್ಕನೇ ಸಲ ಅರ್ಧ ಗಂಟೆಯೊಳಗೆ ಮುಗಿಸಿದ.

ಬ್ಯಾಗಿಗಿಂತ ಮುಖ್ಯ ಆ ಸಣ್ಣ ಡೈರಿ. ಪ್ರತಿಯೊಬ್ಬರ ರಕ್ತದ ಗುಂಪು, ಮನೆಯವರ ನಂಬರು, ಯಾರಿಗೆ ಸಕ್ಕರೆ ಕಾಯಿಲೆ, ಯಾರು ಬಿಸಿಲಿಗೆ ಬೇಗ ಸೋಲುತ್ತಾರೆ, ಯಾರು ತೊಂದರೆ ಇದ್ದರೂ ಬಾಯಿ ಬಿಟ್ಟು ಹೇಳಲ್ಲ. ಕೊನೆಯದನ್ನ ನಾನು ಯಾವತ್ತೂ ಬರೆದಿಟ್ಟಿರಲಿಲ್ಲ, ಅವತ್ತು ಕೂತು ಬರೆದೆ. ಅದರಲ್ಲಿ ನನ್ನ ಹೆಸರನ್ನೂ ಸೇರಿಸಿದೆ. ಪೆಟ್ರೋಲ್, ತಿಂಡಿ ದುಡ್ಡಿನ ಲೆಕ್ಕ ಒಂದೇ ಸಂಜೆಯಲ್ಲಿ ಮುಗಿಯಿತು.

ಜಾಕೆಟ್ಟಿನ ವಿಷಯ ಕೇಳಿಯೇ ಮುಂದುವರಿಯಿರಿ. ಕೆಲವು ಕ್ಲಬ್ಬುಗಳಲ್ಲಿ ಬಿಡುವಾಗ ಬ್ಯಾಡ್ಜ್ ವಾಪಸ್ ಕೊಡಬೇಕು. ನಮ್ಮಲ್ಲಿ ಅಂಥ ನಿಯಮ ಇರಲಿಲ್ಲ, ಆದರೂ ಕೇಳಿದೆ. ಬೆನ್ನಿನ ಬ್ಯಾಡ್ಜ್ ನಿನ್ನದೇ, ಸ್ವೀಪ್ ಪಟ್ಟಿ ಮಾತ್ರ ಹಿಂದೆ ಬರುವವನದು ಅಂದರು ಹಿರಿಯಣ್ಣ. ನಾನೇ ಜೀನ್ಸ್ ದಾರದಲ್ಲಿ ಹೊಲಿದಿದ್ದ ಪಟ್ಟಿ, ನಾನೇ ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚಿದೆ. ಮಷಿನ್ ಮೇಲೆ ಆ ಹುಡುಗನ ಜಾಕೆಟ್ಟಿಗೆ ಹಾಕಿ ಕೊಟ್ಟೆ.

ಕೊನೆಯ ರೈಡ್ ಡಿಸೆಂಬರ್ ಮೊದಲ ಭಾನುವಾರ. ಆಗಸ್ಟ್‌ನಲ್ಲಿ ಬಿಟ್ಟಿದ್ದ ಆನೆಗೊಂದಿಯನ್ನೇ ಆರಿಸಿದರು. ಬೆಳಿಗ್ಗೆ ಐದೂವರೆಗೆ ರಾಯಲ್ ಸರ್ಕಲ್, ಅಲ್ಲಿಂದ ಕುರುಗೋಡು, ಕಂಪ್ಲಿ, ಗಂಗಾವತಿ. ಕೈಗೆ ತ್ರಾಸ ಆಗಬಾರದು ಅಂತ ಅರ್ಧ ಗಂಟೆಗೊಮ್ಮೆ ನಿಲ್ಲಿಸಿದರು. ನನ್ನನ್ನ ಲೀಡ್‌ನ ಹಿಂದೆಯೇ, ಎರಡನೇ ಜಾಗದಲ್ಲಿ ಇಟ್ಟರು. ಸಾಲಿನಲ್ಲಿ ಯಾರಿಗೆ ಕಷ್ಟವೋ ಅವರಿಗೆ ಕೊಡುವ ಜಾಗ ಅದು. ಹಿಂದೆ ಎಷ್ಟೋ ಜನರಿಗೆ ನಾನೇ ಆ ಜಾಗ ತೋರಿಸಿದ್ದೆ.

ಒಂಬತ್ತು ವರ್ಷ ನಾನು ನೋಡಿದ್ದು ಬರೀ ಹಿಂಬದಿಯ ಕೆಂಪು ದೀಪಗಳನ್ನ. ಅವತ್ತು ಮುಂದೆ ಖಾಲಿ ರಸ್ತೆ. ಕಂಪ್ಲಿ ದಾಟಿದ ಮೇಲೆ ಎರಡೂ ಕಡೆ ಭತ್ತದ ಗದ್ದೆ, ಕೊಯ್ಲಿನ ಕಾಲ, ಅಲ್ಲಲ್ಲಿ ಅರ್ಧ ರಸ್ತೆಯಷ್ಟು ಭತ್ತ ಒಣಗಲು ಹಾಕಿದ್ದರು. ಭತ್ತದ ಮೇಲೆ ಟೈರು ಜಾರುತ್ತದೆ, ಅದರ ಮೇಲೆ ಬ್ರೇಕ್ ಹಾಕಬಾರದು. ನಾನು ಎಡಗೈ ಎತ್ತಿ ಸನ್ನೆ ಮಾಡಿದೆ, ಕನ್ನಡಿಯಲ್ಲಿ ನೋಡಿದೆ, ಸನ್ನೆ ಒಬ್ಬರಿಂದ ಒಬ್ಬರಿಗೆ ಹಿಂದಕ್ಕೆ ಹೋಗುತ್ತಿತ್ತು. ತಿರುವು ಬಂದಾಗೆಲ್ಲ ಹೆಡ್‌ಲೈಟ್ ಎಣಿಸುತ್ತಿದ್ದೆ. ಹದಿನಾಲ್ಕು. ಎಲ್ಲರ ಹಿಂದೆ ಒಂದು ದೀಪ ಸ್ವಲ್ಪ ದೂರ ಬಿಟ್ಟು, ಅದೇ ದೂರ ಕಾಯ್ದುಕೊಂಡು ಬರುತ್ತಿತ್ತು.

ಗಂಗಾವತಿಯಲ್ಲಿ ಒಗ್ಗರಣೆ ಮಿರ್ಚಿ ತಿಂದೆವು. ಆನೆಗೊಂದಿಯಲ್ಲಿ ಹೊಳೆ ದಂಡೆಗೆ ಹೋಗಿ ಕೂತೆವು. ಭಾಷಣ, ಹಾರ ಬೇಡ ಅಂತ ಮೊದಲೇ ಕೇಳಿಕೊಂಡಿದ್ದೆ. ಅತ್ತದ್ದು ನಿಜ, ನಾನೊಬ್ಬನೇ ಅಲ್ಲ.

ಮಾರನೇ ದಿನ ಗ್ರೂಪಿನಲ್ಲಿ ನಾಲ್ಕು ಸಾಲು ಬರೆದು ಹೊರಗೆ ಬಂದೆ. ಗಾಡಿ ಮಾರಿಲ್ಲ, ಯೂನಿಟ್‌ಗೆ ಹೋಗಿ ಬರೋಕೆ ಸಾಕಾಗುತ್ತದೆ. ಈಗಲೂ ರೈಡ್ ಇದ್ದ ಭಾನುವಾರ ರಾತ್ರಿ ಆ ಹುಡುಗ ನನಗೊಬ್ಬನಿಗೆ ಬೇರೆಯಾಗಿ ಮೆಸೇಜ್ ಹಾಕುತ್ತಾನೆ: "ಎಲ್ಲರೂ ಮನೆ ಸೇರಿದರು ಅಣ್ಣ." ಅದು ಬರುವ ತನಕ ನಾನು ಮಲಗುವುದಿಲ್ಲ.