ವಿಡಿಯೋ ಗೇಮ್ ಬಗ್ಗೆ ಟಿವಿ ಶೋ ಮಾಡಬೇಕಾ? ಇಲ್ಲಿಂದ ಶುರು ಮಾಡಿ

ಗೇಮ್ ಆಡುವವರ ಕೈಯಲ್ಲಿ ಕಂಟ್ರೋಲರ್ ಇರುತ್ತದೆ, ಟಿವಿ ನೋಡುವವರ ಕೈಯಲ್ಲಿ ಏನೂ ಇರುವುದಿಲ್ಲ. ಈ ಶೋ ಮಾಡಲು ಹೊರಟವರು ಮೊದಲು ಇದನ್ನು ತಲೆಗೆ ಹಾಕಿಕೊಳ್ಳಬೇಕು. ಬಾಸ್ ಜೊತೆ, ಅಂದ್ರೆ ಗೇಮ್‌ನ ದೊಡ್ಡ ಶತ್ರುವಿನ ಜೊತೆ, ಹತ್ತು ನಿಮಿಷ ಹೊಡೆದಾಡುವಾಗ ಆಡುವವರಿಗೆ ಟೈಮ್ ಹೋಗಿದ್ದೇ ಗೊತ್ತಾಗುವುದಿಲ್ಲ, ಯಾಕಂದ್ರೆ ಪ್ರತಿ ಕ್ಷಣ ಏನೋ ಒಂದು ತೀರ್ಮಾನ ಮಾಡುತ್ತಲೇ ಇರುತ್ತಾರೆ: ಈಗ ಹೊಡೆಯಲಾ, ತಪ್ಪಿಸಿಕೊಳ್ಳಲಾ, ಉಳಿದಿರುವ ಒಂದೇ ಔಷಧಿ ಈಗಲೇ ಕುಡಿಯಲಾ. ಅದೇ ಹತ್ತು ನಿಮಿಷವನ್ನು ಸುಮ್ನೆ ಹಾಗೇ ಹಾಕಿದರೆ ನೋಡುವವರಿಗೆ ಕಾಣುವುದು ಬರೀ ಬಣ್ಣ, ಸದ್ದು, ಓಡಾಟ. ಆಡುವವರ ತಲೆಯೊಳಗೆ ನಡೆಯುವುದು ಹೊರಗೆ ಕಾಣುವ ಹಾಗೆ ಮಾಡುವುದೇ ನಿಮ್ಮ ಕೆಲಸ. ಕ್ಯಾಮೆರಾ, ಎಡಿಟಿಂಗ್, ನಿರೂಪಣೆ ಎಲ್ಲವೂ ಅದಕ್ಕಾಗಿಯೇ.

ಮೊದಲು ಯಾವ ಥರದ ಶೋ ಅಂತ ನಿರ್ಧರಿಸಿ. ಈ ದಾರಿಯಲ್ಲಿ ಹಿಂದೆ ಬೇಕಾದಷ್ಟು ಜನ ಹೋಗಿದ್ದಾರೆ. 1982ರಲ್ಲೇ ಅಮೆರಿಕದಲ್ಲಿ ಸ್ಟಾರ್‌ಕೇಡ್ ಅನ್ನುವ ಶೋ ಶುರುವಾಗಿತ್ತು, ಸ್ಪರ್ಧಿಗಳು ಆರ್ಕೇಡ್ ಗೇಮ್ (ನಾಣ್ಯ ಹಾಕಿ ಆಡುವ ದೊಡ್ಡ ಯಂತ್ರದ ಗೇಮ್) ಆಡಿ ಅಂಕ ಗಳಿಸುತ್ತಿದ್ದರು. ಬ್ರಿಟನ್ನಿನ ಚಾನೆಲ್ 4ರಲ್ಲಿ 1992ರಿಂದ ಬಂದ ಗೇಮ್ಸ್‌ಮಾಸ್ಟರ್ ಕೂಡ ಸವಾಲುಗಳ ಮೇಲೇ ನಿಂತಿತ್ತು. ಡೆನ್ಮಾರ್ಕಿನ ಹ್ಯೂಗೋ 1990ರಲ್ಲೇ ನೋಡುವವರ ಕೈಗೇ ಆಟ ಕೊಟ್ಟಿತು, ಮನೆಯಿಂದ ಫೋನ್ ಮಾಡಿದವರು ಫೋನಿನ ಬಟನ್ ಒತ್ತಿ ಟಿವಿಯಲ್ಲಿನ ಪಾತ್ರವನ್ನು ಓಡಿಸುತ್ತಿದ್ದರು. ಆಸ್ಟ್ರೇಲಿಯಾದ ಗುಡ್ ಗೇಮ್ 2006ರಿಂದ 2016ರವರೆಗೆ ವಿಮರ್ಶೆಯ ದಾರಿ ಹಿಡಿಯಿತು. ಜಪಾನಿನ ಗೇಮ್‌ಸೆಂಟರ್ ಸಿಎಕ್ಸ್ 2003ರಲ್ಲಿ ಶುರುವಾಯಿತು. ಅದರಲ್ಲಿ ಶಿನ್ಯಾ ಅರಿನೋ ಅನ್ನುವ ಹಾಸ್ಯನಟ ಒಂದು ಹಳೆಯ ಗೇಮ್ ಹಿಡಿದು ಕೂರುತ್ತಾರೆ, ಗಂಟೆಗಟ್ಟಲೆ ಸೋಲುತ್ತಾರೆ, ತೀರಾ ಸಿಕ್ಕಿಹಾಕಿಕೊಂಡಾಗ ತಂಡದ ಹುಡುಗರಲ್ಲಿ ಒಬ್ಬರು ಬಂದು ಸಹಾಯ ಮಾಡುತ್ತಾರೆ.

ಚಿಕ್ಕ ತಂಡ ಆಗಿದ್ದರೆ ಈ ಕೊನೆಯ ದಾರಿಯೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಹೊಸ ಗೇಮ್‌ನ ಸುದ್ದಿ, ವಿಮರ್ಶೆ ಎಲ್ಲ ಇಂಟರ್ನೆಟ್‌ನಲ್ಲಿ ಅದೇ ಗಂಟೆಗೆ ಬಂದುಬಿಡುತ್ತದೆ, ಟಿವಿ ಕಂತು ಶೂಟ್ ಆಗಿ ಪ್ರಸಾರ ಆಗುವಷ್ಟರಲ್ಲಿ ವಾರಗಳೇ ಕಳೆದಿರುತ್ತವೆ. ಒಬ್ಬ ಮನುಷ್ಯ ಒಂದು ಕಷ್ಟದ ಜಾಗ ದಾಟಲು ಒದ್ದಾಡುವುದು ಮಾತ್ರ ಹಳೆಯದಾಗುವುದಿಲ್ಲ. ಐದು ವರ್ಷ ಬಿಟ್ಟು ಮರುಪ್ರಸಾರ ಮಾಡಿದರೂ ಜನ ನೋಡುತ್ತಾರೆ.

ನಿರೂಪಕರನ್ನು ಆರಿಸುವಾಗ ಎಷ್ಟು ಚೆನ್ನಾಗಿ ಆಡುತ್ತಾರೆ ಅಂತ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಅವರು ಎಂದೂ ನೋಡದ ಒಂದು ಗೇಮ್ ಕೊಟ್ಟು, ಆಡುತ್ತಾ ಮಾತಾಡಿ ಅನ್ನಿ. ಬಹಳ ಜನ ಆಟ ಕಷ್ಟವಾದ ಕೂಡಲೇ ಬಾಯಿ ಮುಚ್ಚಿಬಿಡುತ್ತಾರೆ. ಅದು ಸಹಜ, ಆದರೆ ಶೋಗೆ ಬೇಕಾಗುವುದೇ ಆ ಹೊತ್ತಿನ ಮಾತು. "ಅಯ್ಯೋ, ಆ ಬಾಗಿಲ ಹಿಂದೆ ಇನ್ನೊಬ್ಬ ಇದ್ದಾನೆ ಅನ್ಸುತ್ತೆ" ಅಂತ ತಾನಾಗಿಯೇ ಬಾಯಿಗೆ ಬರುವವರು ಸಿಕ್ಕರೆ ಬಿಡಬೇಡಿ. ಅಂಥವರು ಸಿಗದಿದ್ದರೆ ಇಬ್ಬರನ್ನು ಕೂರಿಸಿ, ಒಬ್ಬರು ಆಡಲಿ, ಪಕ್ಕದವರು ಕೇಳಲಿ.

ಇನ್ನು ಅನುಮತಿ. ಇದನ್ನು ಕೊನೆಗೆ ನೋಡಿಕೊಳ್ಳೋಣ ಅಂದುಕೊಂಡರೆ ಇಡೀ ಕಂತು ಪೆಟ್ಟಿಗೆಯಲ್ಲೇ ಉಳಿಯಬಹುದು. ಗೇಮ್‌ನ ಚಿತ್ರ, ದನಿ, ಸಂಗೀತ ಎಲ್ಲಕ್ಕೂ ಒಡೆಯರಿದ್ದಾರೆ. ಆನ್‌ಲೈನ್‌ನಲ್ಲಿ ಆಟದ ವಿಡಿಯೋ ಹಾಕಲು ಅನೇಕ ಕಂಪನಿಗಳು ಸಾಮಾನ್ಯ ಅನುಮತಿ ಕೊಟ್ಟಿರುತ್ತವೆ ನಿಜ, ಆದರೆ ಅದು ಟಿವಿ ಪ್ರಸಾರಕ್ಕೂ ಸಾಕು ಅಂತ ಅಂದುಕೊಳ್ಳಬೇಡಿ. ಪಬ್ಲಿಷರ್‌ಗೆ, ಅಂದ್ರೆ ಗೇಮ್ ಹೊರತಂದ ಕಂಪನಿಗೆ, ನೇರವಾಗಿ ಬರೆಯಿರಿ. ಯಾವ ಗೇಮ್, ಎಷ್ಟು ನಿಮಿಷ, ಯಾವ ಚಾನೆಲ್, ಯಾವ ದೇಶಗಳು, ಎಷ್ಟು ವರ್ಷ, ಮರುಪ್ರಸಾರ ಮತ್ತು ಆನ್‌ಲೈನ್ ಸೇರುತ್ತದಾ ಅನ್ನುವುದೆಲ್ಲ ಆ ಕಾಗದದಲ್ಲಿ ಇರಲಿ. ವಿಮರ್ಶೆಗಾಗಿ ಸಣ್ಣ ತುಣುಕು ಬಳಸಲು ಕೆಲವು ದೇಶಗಳ ಕಾನೂನು ಬಿಡುತ್ತದೆ, ಆದರೂ ಚಾನೆಲ್‌ನ ವಕೀಲರು ಸಾಮಾನ್ಯವಾಗಿ ಬರಹದಲ್ಲೇ ಕೇಳುತ್ತಾರೆ. ಹಾಡುಗಳದ್ದು ಬೇರೆಯೇ ತಲೆನೋವು. ಗೇಮ್‌ನಲ್ಲಿ ಕೇಳುವ ಪ್ರಸಿದ್ಧ ಹಾಡನ್ನು ಕಂಪನಿ ಬೇರೆಯವರಿಂದ ಪಡೆದಿರುತ್ತದೆ, ಅದನ್ನು ನಿಮಗೆ ಕೊಡುವ ಹಕ್ಕು ಅವರಿಗೇ ಇರುವುದಿಲ್ಲ. ಸೈಬರ್‌ಪಂಕ್ 2077 ಥರದ ಕೆಲವು ಗೇಮ್‌ಗಳಲ್ಲಿ ಇಂಥ ಹಾಡುಗಳನ್ನು ಆಫ್ ಮಾಡುವ ಆಯ್ಕೆಯೇ ಇದೆ. ರೆಕಾರ್ಡಿಂಗ್‌ಗೆ ಮೊದಲೇ ಆಫ್ ಮಾಡಿ, ಆಮೇಲೆ ಸದ್ದಿನಿಂದ ಹಾಡನ್ನು ಬೇರ್ಪಡಿಸುವುದು ನರಕ.

ರೆಕಾರ್ಡಿಂಗ್‌ಗೆ ಬಂದರೆ, ಟಿವಿ ಪರದೆಯ ಮುಂದೆ ಕ್ಯಾಮೆರಾ ಇಟ್ಟು ಶೂಟ್ ಮಾಡಬೇಡಿ. ಕನ್ಸೋಲ್‌ನಿಂದ (ಗೇಮ್ ಓಡಿಸುವ ಯಂತ್ರ) ನೇರವಾಗಿ ಕ್ಯಾಪ್ಚರ್ ಕಾರ್ಡ್‌ಗೆ (ಚಿತ್ರವನ್ನು ಕಂಪ್ಯೂಟರ್‌ಗೆ ರೆಕಾರ್ಡ್ ಮಾಡಿಸುವ ಸಾಧನ) ತೆಗೆದುಕೊಳ್ಳಿ, ಆಡುವವರು ಮಾತ್ರ ಕಾರ್ಡ್‌ನಿಂದ ಮುಂದಕ್ಕೆ ಹೋಗುವ ಎಚ್‌ಡಿಎಂಐ ಕೇಬಲ್‌ಗೆ ಹಾಕಿದ ಟಿವಿ ನೋಡಿ ಆಡಲಿ. ಕಂಪ್ಯೂಟರ್ ಪರದೆ ನೋಡಿ ಆಡಿದರೆ ಚಿತ್ರ ತಡವಾಗಿ ಬರುತ್ತದೆ, ಒಳ್ಳೆಯ ಆಟಗಾರರೂ ಎಡವುತ್ತಾರೆ. ಪ್ಲೇಸ್ಟೇಷನ್ 4 ಅಥವಾ 5 ಆದರೆ ಸೆಟ್ಟಿಂಗ್‌ನಲ್ಲಿ ಎಚ್‌ಡಿಸಿಪಿ (ನಕಲು ತಡೆಯುವ ವ್ಯವಸ್ಥೆ) ಆಫ್ ಮಾಡಿ, ಇಲ್ಲದಿದ್ದರೆ ಬರುವುದು ಕಪ್ಪು ಪರದೆ. ಗೇಮ್ ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಓಡುತ್ತಿದ್ದರೆ 60ರಲ್ಲೇ ರೆಕಾರ್ಡ್ ಮಾಡಿ. ಚಾನೆಲ್‌ನವರು 25 ಅಥವಾ 50 ಫ್ರೇಮ್‌ನಲ್ಲಿ ಕೇಳಿದರೆ ಕೊನೆಯಲ್ಲಿ ಒಳ್ಳೆಯ ಸಾಫ್ಟ್‌ವೇರ್‌ನಿಂದ ಬದಲಾಯಿಸಿ.

ಹಳೆಯ ಕನ್ಸೋಲ್‌ಗಳಿಗೆ ಇನ್ನೂ ಜಾಸ್ತಿ ಎಚ್ಚರ ಬೇಕು. ಅವುಗಳಲ್ಲಿ ಬಹಳಷ್ಟು ಕಳಿಸುವುದು 240 ಸಾಲುಗಳ ಪೂರ್ಣ ಚಿತ್ರ. ಅಗ್ಗದ ಕ್ಯಾಪ್ಚರ್ ಪೆಟ್ಟಿಗೆಗಳು ಅದನ್ನು 480 ಸಾಲುಗಳ ಇಂಟರ್‌ಲೇಸ್ಡ್ ಚಿತ್ರ (ಒಂದು ಸಲಕ್ಕೆ ಅರ್ಧ ಸಾಲುಗಳು ಮಾತ್ರ ಬರುವಂಥದ್ದು) ಅಂತ ತಪ್ಪು ತಿಳಿದು ಎರಡೆರಡು ಚಿತ್ರಗಳನ್ನು ಬೆರೆಸಿಬಿಡುತ್ತವೆ. ಆಗ ಏಟು ತಿಂದು ಮಿನುಗುವ ಪಾತ್ರ ಮಸುಕಾಗುತ್ತದೆ, ಕೆಲವೊಮ್ಮೆ ಪೂರ್ತಿ ಮಾಯವೇ ಆಗುತ್ತದೆ. 240 ಸಾಲನ್ನು ಸರಿಯಾಗಿ ಗುರುತಿಸುವ ಅಪ್‌ಸ್ಕೇಲರ್ (ಚಿತ್ರವನ್ನು ಹೆಚ್ಚು ಸಾಲುಗಳಿಗೆ ಹಿಗ್ಗಿಸುವ ಪೆಟ್ಟಿಗೆ) ಒಂದನ್ನು ಮಧ್ಯೆ ಇಡಿ.

ಗೇಮ್ ಚಿತ್ರ, ಗೇಮ್ ಸದ್ದು, ಆಡುವವರ ಮೈಕ್, ಮುಖದ ಕ್ಯಾಮೆರಾ, ಕೈಯ ಕ್ಯಾಮೆರಾ, ಇವೆಲ್ಲ ಬೇರೆ ಬೇರೆಯಾಗಿಯೇ ರೆಕಾರ್ಡ್ ಆಗಲಿ. ಕೈಗಳನ್ನು ಬಹಳ ಜನ ತೋರಿಸುವುದಿಲ್ಲ, ನೀವು ತೋರಿಸಿ. ಹೆಬ್ಬೆರಳು ಬಟನ್ ಮೇಲೆ ಒತ್ತದೆ ಕಾಯುತ್ತಾ ನಿಂತಿರುವುದನ್ನು ನೋಡಿದರೆ ಏನೂ ಗೊತ್ತಿಲ್ಲದವರಿಗೂ ಉಸಿರು ಬಿಗಿಯಾಗುತ್ತದೆ. ಎಲ್ಲ ರೆಕಾರ್ಡಿಂಗ್‌ಗಳನ್ನು ಹೊಂದಿಸಲು ಒಂದು ಸುಲಭ ಉಪಾಯ: ಶುರುವಿನಲ್ಲಿ ಚಪ್ಪಾಳೆ ತಟ್ಟಿದ ಮೇಲೆ ಕೈಯ ಕ್ಯಾಮೆರಾಗೆ ಕಾಣುವ ಹಾಗೆ ಆಟವನ್ನು ತಡೆದು ನಿಲ್ಲಿಸುವ ಪಾಸ್ ಬಟನ್ ಒತ್ತಿಸಿ. ಮೆನು ತೆರೆದ ಫ್ರೇಮ್, ಬೆರಳು ಒತ್ತಿದ ಫ್ರೇಮ್, ಎರಡನ್ನೂ ಕೂಡಿಸಿದರೆ ಆಯಿತು. ಆಟಕ್ಕೆ ಹೊಸ ಅಕೌಂಟ್ ಮಾಡಿ, ನೋಟಿಫಿಕೇಶನ್ ಆಫ್ ಮಾಡಿ, ಗೆಳೆಯರ ಹೆಸರು, ಮೆಸೇಜ್ ಯಾವುದೂ ಪ್ರಸಾರ ಆಗಬಾರದು. ಪ್ರತಿ ಕಷ್ಟದ ಜಾಗಕ್ಕೂ ಮೊದಲು ಆಟವನ್ನು ಬೇರೆಯಾಗಿ ಸೇವ್ ಮಾಡಿ ಇಟ್ಟುಕೊಳ್ಳಿ, ಮತ್ತೆ ಶೂಟ್ ಮಾಡಬೇಕಾದರೆ ಬೇಕಾಗುತ್ತದೆ. ಒಬ್ಬರು ಪಕ್ಕದಲ್ಲಿ ಕೂತು ಯಾವ ಸಮಯಕ್ಕೆ ಏನಾಯಿತು ಅಂತ ಬರೆದುಕೊಳ್ಳುತ್ತಿರಲಿ. ಎಂಟು ಗಂಟೆಯ ಫೂಟೇಜ್‌ನಲ್ಲಿ ಇಪ್ಪತ್ತು ನಿಮಿಷ ಹುಡುಕುವ ಎಡಿಟರ್‌ಗೆ ಆ ಪಟ್ಟಿಯೇ ಜೀವ.

ಈಗ ಎಡಿಟಿಂಗ್. ಶೋ ನಿಜವಾಗಿ ಹುಟ್ಟುವುದು ಇಲ್ಲೇ. 2004ರಲ್ಲಿ ಇವೊ ಅನ್ನುವ ಹೊಡೆದಾಟದ ಗೇಮ್‌ಗಳ ಟೂರ್ನಮೆಂಟ್‌ನಲ್ಲಿ ಡೈಗೋ ಉಮೆಹಾರಾ ಮತ್ತು ಜಸ್ಟಿನ್ ವಾಂಗ್ ನಡುವೆ ಸ್ಟ್ರೀಟ್ ಫೈಟರ್ 3 ಪಂದ್ಯ ನಡೆಯಿತು. ಅದರ ಒಂದು ಸುತ್ತಿನ ಕೊನೆಯ ಕೆಲವು ಸೆಕೆಂಡುಗಳಿಗೆ ಸಭಾಂಗಣವೇ ಎದ್ದು ಕೂಗಿತು. ಗೇಮ್ ಗೊತ್ತಿಲ್ಲದವರಿಗೆ ಅದನ್ನು ತೋರಿಸಿದರೆ ಒಂದು ಬೊಂಬೆ ಒದೆಯುತ್ತಿದೆ, ಇನ್ನೊಂದು ನಿಂತಿದೆ, ಅಷ್ಟೇ. ಆದರೆ ಮೊದಲೇ ಹೀಗೆ ಹೇಳಿ: ಡೈಗೋ ಹತ್ತಿರ ಒಂದು ಗೆರೆಯಷ್ಟು ಜೀವ ಉಳಿದಿದೆ, ಸುಮ್ನೆ ತಡೆದರೂ ಸಾಕು, ಅಷ್ಟೂ ಕರಗಿ ಸೋಲುತ್ತಾನೆ. ಉಳಿಯಬೇಕಾದರೆ ಪ್ರತಿ ಏಟು ತಾಗುವ ಹೊತ್ತಿಗೇ ಸರಿಯಾಗಿ ಸ್ಟಿಕ್ ಅನ್ನು ಮುಂದಕ್ಕೆ ತಳ್ಳಬೇಕು, ಬರಲಿರುವುದು 15 ಏಟು. ಇಷ್ಟು ಗೊತ್ತಿದ್ದವರು ಕುರ್ಚಿಯ ತುದಿಗೆ ಬರುತ್ತಾರೆ, ಅಲ್ವಾ? ಅದಕ್ಕೇ ವಿವರಣೆ ಎಲ್ಲ ಮೊದಲೇ ಮುಗಿಯಬೇಕು. ಆಡುವವರಿಗೆ ಏನು ಬೇಕು, ಅಡ್ಡ ಏನಿದೆ, ತಪ್ಪಿದರೆ ಏನು ಕಳೆದುಕೊಳ್ಳುತ್ತಾರೆ, ಇಷ್ಟನ್ನು ಅರ್ಧ ನಿಮಿಷ ಮುಂಚೆ ಹೇಳಿ, ಆಮೇಲೆ ವಾಯ್ಸ್ ಓವರ್ ನಿಲ್ಲಿಸಿ. ಆ ಕ್ಷಣದಲ್ಲಿ ಗೇಮ್‌ನ ಸದ್ದು, ಆಡುವವರ ಉಸಿರು ಮಾತ್ರ ಕೇಳಲಿ.

ಸೋಲುಗಳನ್ನು ಕತ್ತರಿಸುವುದರಲ್ಲೂ ಒಂದು ಲೆಕ್ಕ ಇದೆ. ಮೊದಲ ಸೋಲನ್ನು ಪೂರ್ತಿ ತೋರಿಸಿ, ಜಾಗ ಹೇಗಿದೆ ಅಂತ ಅರ್ಥ ಆಗಬೇಕು. ನಡುವಿನವನ್ನು ಎರಡೆರಡು ಸೆಕೆಂಡಿನಲ್ಲಿ ಓಡಿಸಿ. ಗೆಲ್ಲುವ ಪ್ರಯತ್ನವನ್ನು ಶುರುವಿನಿಂದ ಕೊನೆಯವರೆಗೆ ಎಲ್ಲೂ ಕತ್ತರಿಸದೆ ಬಿಡಿ, ಒಂದು ಕಟ್ ಬಿದ್ದರೂ ನೋಡುವವರಿಗೆ ಅನುಮಾನ ಬರುತ್ತದೆ. ಪಾತ್ರ ಹಾರಿದ ಕೂಡಲೇ ಮುಖಕ್ಕೆ ಹೋಗಬೇಡಿ, ಕಾಲು ನೆಲಕ್ಕೆ ತಾಗಿದ ಮೇಲೆ ಹೋಗಿ. ಊರು, ಬೆಟ್ಟ, ಆಕಾಶ ತೋರಿಸುವ ಶಾಟ್‌ಗಳನ್ನು ಬೇರೆಯಾಗಿ ಆಡಿ ತೆಗೆಯಿರಿ. ಆಗ ಗೇಮ್‌ನ ಕ್ಯಾಮೆರಾವನ್ನು ಬಹಳ ನಿಧಾನವಾಗಿ ತಿರುಗಿಸಬೇಕು, ಆಡುವಾಗ ತಿರುಗಿಸುವ ವೇಗಕ್ಕೆ ನೋಡುವವರಿಗೆ ತಲೆ ಸುತ್ತುತ್ತದೆ.

ಪ್ರಸಾರದ ನಿಯಮಗಳಲ್ಲಿ ಒಂದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ವೇಗವಾಗಿ ಮಿನುಗಿ ನೂರಾರು ಮಕ್ಕಳು ಆಸ್ಪತ್ರೆ ಸೇರಬೇಕಾಯಿತು. ಗೇಮ್‌ಗಳಲ್ಲಿ ಸ್ಫೋಟ, ಮಿಂಚು ಬೇಕಾದಷ್ಟು. ಪರದೆಯ ಕಾಲು ಭಾಗಕ್ಕಿಂತ ದೊಡ್ಡದಾಗಿ ಸೆಕೆಂಡಿಗೆ 3ಕ್ಕಿಂತ ಜಾಸ್ತಿ ಸಲ ಮಿನುಗಿದರೆ ಅಪಾಯ, ಗಾಢ ಕೆಂಪು ಇನ್ನೂ ಅಪಾಯ. ಇಂಥ ಮಿನುಗನ್ನು ಪತ್ತೆ ಮಾಡುವ ಹಾರ್ಡಿಂಗ್ ಟೆಸ್ಟ್‌ನಲ್ಲಿ ಇಡೀ ಕಂತನ್ನು ಓಡಿಸಿ ನೋಡಿ, ಫೇಲ್ ಆದ ಶಾಟ್ ಎಷ್ಟೇ ಚೆನ್ನಾಗಿದ್ದರೂ ತೆಗೆದುಹಾಕಿ. ಉಳಿದವು ಸುಲಭ. ಸದ್ದಿನ ಮಟ್ಟ ಯುರೋಪಿನ ಪದ್ಧತಿಯಲ್ಲಿ ಮೈನಸ್ 23 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರನ್ನು ಅಳೆಯುವ ಮಾನ), ಅಮೆರಿಕದಲ್ಲಿ ಮೈನಸ್ 24, ನಿಮ್ಮ ಚಾನೆಲ್ ಯಾವುದನ್ನು ಕೇಳುತ್ತದೆ ನೋಡಿ. ಅಕ್ಷರಗಳು ಪ್ರತಿ ಅಂಚಿನಿಂದ ಶೇಕಡಾ 5ರಷ್ಟು ಒಳಗಿರಲಿ, ಗೇಮ್‌ನ ಜೀವದ ಪಟ್ಟಿಯ ಮೇಲೆ ಕೂರದಿರಲಿ. ಗೇಮ್‌ನ ವಯಸ್ಸಿನ ರೇಟಿಂಗ್ ನೋಡಿಕೊಂಡು ಪ್ರಸಾರದ ಹೊತ್ತು ಕೇಳಿ.

ಪೈಲಟ್ ಕಂತು, ಅಂದ್ರೆ ಮೊದಲ ಮಾದರಿ ಕಂತು, ಸಿದ್ಧವಾದ ಮೇಲೆ ಇಬ್ಬರಿಗೆ ತೋರಿಸಿ. ಒಬ್ಬರು ಆ ಗೇಮ್ ಅರೆದು ಕುಡಿದವರು, ಇನ್ನೊಬ್ಬರು ಕಂಟ್ರೋಲರ್ ಮುಟ್ಟೇ ಇಲ್ಲದವರು. ಹೇಗಿದೆ ಅಂತ ಕೇಳಬೇಡಿ, ಚೆನ್ನಾಗಿದೆ ಅಂದುಬಿಡುತ್ತಾರೆ. ಏನಾಯಿತು ಹೇಳಿ ಅಂತ ಕೇಳಿ. ಎರಡನೆಯವರು ಕಥೆ ಹೇಳುತ್ತಾ ಎಲ್ಲಿ ತಡವರಿಸುತ್ತಾರೋ ಅಲ್ಲಿ ವಿವರಣೆ ಸಾಲದು. ಮೊದಲನೆಯವರು ಎಲ್ಲಿ ಫೋನ್ ತೆಗೆದರೋ ಅಲ್ಲಿ ವಿವರಣೆ ಜಾಸ್ತಿಯಾಗಿದೆ. ಎರಡೂ ಜಾಗ ಸರಿಮಾಡಿದ ಮೇಲೆ ಅದರಿಂದ ಅತಿ ಚೆಂದದ ಮೂರು ನಿಮಿಷ ತೆಗೆದು, ಪಬ್ಲಿಷರ್‌ನ ಅನುಮತಿ ಪತ್ರದ ಜೊತೆ ಚಾನೆಲ್‌ಗೆ ಕಳಿಸಿ.